ಮೊದಲು ಅಜ್ಜಿ, ಕೊನೆಗೆ ತಾಳೆಗರಿ: ಪೆರ್ಲದ ಒಂದು ಮನೆಯ ನೆನಪು ಉಳಿಸಿದ ಬಗೆ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಎಣ್ಮಕಜೆ ಪಂಚಾಯತಿನಲ್ಲಿ ನನ್ನ ಗಂಡನ ಹಿರಿಯರ ಮನೆ. ಮುರಕಲ್ಲಿನ ತಳಪಾಯ, ಮಣ್ಣಿನ ಗೋಡೆ, ಹಂಚಿನ ಮಾಡು. ಕೆಳಗೆ ಅಡಿಕೆ ತೋಟ, ಹಿಂದೆ ಗುಡ್ಡ. ಪಾಲು ಆದ ಮೇಲೆ ಮನೆ ಕಿರಿಯ ಚಿಕ್ಕಪ್ಪನಿಗೆ ಬಂತು. ಗೆದ್ದಲು ಹತ್ತಿದ ಪಕ್ಕಾಸುಗಳನ್ನು ಇನ್ನು ಸರಿಮಾಡಿ ಪ್ರಯೋಜನವಿಲ್ಲ, ಮಳೆಗಾಲದ ಮೊದಲು ಕೆಡವಿ ತಾರಸಿ ಮನೆ ಕಟ್ಟುವುದು ಎಂದು ಅವರು ತೀರ್ಮಾನಿಸಿದರು. ಅದರಲ್ಲಿ ತಪ್ಪೇನೂ ಇಲ್ಲ. ಆ ಮನೆಯಲ್ಲಿ ಮಳೆಗಾಲ ಕಳೆಯಬೇಕಾದವರು ಅವರೇ.

ಪ್ರಶ್ನೆ ಇದ್ದದ್ದು ಮನೆಯ ಒಳಗಿನದ್ದರ ಬಗ್ಗೆ. ಅಟ್ಟದಲ್ಲಿ ತಾಳೆಗರಿಯ ಕಟ್ಟುಗಳು. ಮರದ ಪೆಟ್ಟಿಗೆಯಲ್ಲಿ ಲೆಕ್ಕದ ಪುಸ್ತಕ, ಮೂಲಗೇಣಿ ಚೀಟು (ಕಾಯಂ ಗೇಣಿಯ ಪತ್ರ), ಪಾಲುಪಟ್ಟಿ, ಕಾಗದಗಳು. ಜಗಲಿಯ ಗೋಡೆಯಲ್ಲಿ ಚೌಕಟ್ಟು ಹಾಕಿದ ಫೋಟೋಗಳು. ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಕ್ಯಾಸೆಟ್. ಮತ್ತೆ ಅಜ್ಜಿ. ತೊಂಬತ್ತು ದಾಟಿದೆ. ಕಿವಿ ಮಂದ, ನೆನಪು ಚುರುಕು.

ಅಜ್ಜಿಗೆ ನಾಲ್ಕು ಮಕ್ಕಳು. ದೊಡ್ಡವರು ನನ್ನ ಮಾವ, ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ಎರಡನೆಯವರು ಮಸ್ಕತ್ತಿನಲ್ಲಿ ದುಡಿದು ಈಗ ಬೆಂಗಳೂರಲ್ಲಿದ್ದಾರೆ. ಮಗಳು ಕಣ್ಣೂರಿನಲ್ಲಿ. ಕಿರಿಯವರು ತೋಟದಲ್ಲಿ. ಮೊಮ್ಮಕ್ಕಳಿಗೆಲ್ಲ ಮನೆಯ ಹವ್ಯಕ ಮಾತು ಕಿವಿಗೆ ಬೀಳುತ್ತದೆ. ಓದು ಬೇರೆ. ಕಣ್ಣೂರಿನ ಹುಡುಗ ಓದುವುದು ಮಲಯಾಳದಲ್ಲಿ. ಬೆಂಗಳೂರಿನ ಹುಡುಗಿ ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾಳೆ. ಹೊರದೇಶದಲ್ಲಿ ಹುಟ್ಟಿದ ಇಬ್ಬರಿಗೆ ಎರಡೂ ಬರುವುದಿಲ್ಲ. ಅಂದರೆ ಎಲ್ಲವನ್ನೂ ಕನ್ನಡದಲ್ಲಿ ಚೆನ್ನಾಗಿ ಬರೆದಿಟ್ಟರೂ ಅದು ಅರ್ಧ ಮೊಮ್ಮಕ್ಕಳನ್ನು ಮುಟ್ಟುವುದಿಲ್ಲ. ಗಡಿಯ ಮನೆಗಳಿಗೆ ಈ ಕಷ್ಟ ಹೊಸದಲ್ಲ, ಆದರೆ ಇಲ್ಲಿ ಅದು ಕಣ್ಣಿಗೆ ಹೊಡೆಯುವಂತಿತ್ತು.

ಮನೆಮಂದಿ ಕೂತು ಮಾತಾಡಿದಾಗ ಮೊದಲು ಬಂದ ಸಲಹೆ ತಾಳೆಗರಿಯದ್ದು. ಅದು ಹಳತು, ಅಪರೂಪ, ಅದನ್ನೇ ಮೊದಲು ಉಳಿಸಬೇಕು ಎಂದು ಎಲ್ಲರೂ ಹೇಳಿದರು. ಆ ಆಸೆಗೆ ಕಾರಣವೂ ಇದೆ. ನಮ್ಮದೇ ಜಿಲ್ಲೆಯ ಪುಂಡೂರು ವೆಂಕಟರಾಜ ಪುಣಿಂಚತ್ತಾಯರು ಇಂಥ ತಾಳೆಗರಿಗಳನ್ನು ಓದಿ ಹಳೆಯ ತುಳು ಕಾವ್ಯಗಳನ್ನು ಹೊರತಂದವರು. ನಮ್ಮ ಅಟ್ಟದಲ್ಲೂ ಏನೋ ಇರಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ?

ನಾನು ಬೇರೆ ಮಾತು ಹೇಳಿದೆ. ಯಾವುದು ಹಳತು ಎಂದು ನೋಡುವುದು ಬೇಡ, ಯಾವುದು ಬೇಗ ಹೋಗುತ್ತದೆ ಎಂದು ನೋಡೋಣ. ಶ್ರೀತಾಳೆಯ ಗರಿ ಗಟ್ಟಿ ವಸ್ತು. ಕಂಠದಿಂದ, ಅಂದರೆ ಮೊನಚು ಕಬ್ಬಿಣದ ಲೇಖನಿಯಿಂದ, ಕೊರೆದ ಅಕ್ಷರ ನೀರು ತಾಗಿದರೂ ಶಾಯಿಯಂತೆ ಕದಡಿ ಹೋಗುವುದಿಲ್ಲ. ಎರಡು ಮರದ ಹಲಗೆಯ ನಡುವೆ, ಬಟ್ಟೆ ಸುತ್ತಿ, ಅಡುಗೆಮನೆಯ ಹೊಗೆ ಆಡುವ ಅಟ್ಟದಲ್ಲಿ ಇಟ್ಟವರು ತಿಳಿದೇ ಇಟ್ಟಿದ್ದರು. ಹೊಗೆಗೆ ಹುಳ ಬರುವುದಿಲ್ಲ. ಅದು ಇನ್ನೂ ಕೆಲವು ವರ್ಷ ಕಾದೀತು. ಕ್ಯಾಸೆಟ್ಟಿಗೆ ಆಗಲೇ ಬೂಸ್ಟು ಹಿಡಿದಿತ್ತು. ಫೋಟೋದಲ್ಲಿರುವವರು ಯಾರು ಎಂದು ಹೇಳಬಲ್ಲವರು ಒಬ್ಬರೇ ಉಳಿದಿದ್ದರು. ಹಾಗಾಗಿ ಮೊದಲು ಅಜ್ಜಿ, ಆಮೇಲೆ ಕ್ಯಾಸೆಟ್, ಆಮೇಲೆ ಫೋಟೋ, ಕಾಗದ. ತಾಳೆಗರಿ ಕೊನೆಗೆ. ಮಾವನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಬೇಡ ಅನ್ನಲಿಲ್ಲ.

ಅಜ್ಜಿಯ ಹತ್ತಿರ ಹೋಗಿ "ನಿಮ್ಮ ಕತೆ ಹೇಳಿ" ಅಂದರೆ ಏನೂ ಬರುವುದಿಲ್ಲ. "ಎನಗೆಂತ ಕತೆ ಇದ್ದು?" ಎಂದು ಸುಮ್ಮನಾಗುತ್ತಾರೆ. ಆ ಕಾಲದ ಹೆಂಗಸರಿಗೆ ತಮ್ಮ ಬದುಕನ್ನು ಒಂದು ಕತೆಯೆಂದು ನೋಡುವ ರೂಢಿಯೇ ಇರಲಿಲ್ಲ. ಯಾರೂ ಕೇಳಿರಲಿಲ್ಲ. ಆದರೆ ಕೈಗೆ ಒಂದು ವಸ್ತು ಕೊಟ್ಟರೆ ಮಾತು ತಾನಾಗಿ ಬರುತ್ತದೆ. ಒಂದು ಸೇರು, ಒಂದು ಮೆಟ್ಟುಕತ್ತಿ, ಕಡೆಯುವ ಕಲ್ಲು. ಅದಕ್ಕಿಂತ ಒಳ್ಳೆಯದು ಅವರನ್ನು ಮನೆಯೊಳಗೇ ನಿಧಾನ ನಡೆಸುವುದು. ಬಾಣಂತಿ ಕೋಣೆಯ ಹೊಸ್ತಿಲಲ್ಲಿ ನಿಂತು ಅವರು ಹೇಳಿದ್ದನ್ನು ಕುರ್ಚಿಯಲ್ಲಿ ಕೂರಿಸಿ ಕೇಳಿದ್ದರೆ ಹೇಳುತ್ತಿರಲಿಲ್ಲ. ಮನೆ ಕೆಡಹುವ ಮೊದಲೇ ಈ ಕೆಲಸ ಮುಗಿಸಬೇಕು ಅಂತ ನಾನು ಹಟ ಹಿಡಿದದ್ದು ಇದಕ್ಕೇ. ಗೋಡೆ ಹೋದರೆ ಆ ಗೋಡೆಗೆ ಅಂಟಿದ ಮಾತೂ ಹೋಗುತ್ತದೆ.

ಧ್ವನಿಮುದ್ರಣಕ್ಕೆ ದೊಡ್ಡ ಉಪಕರಣ ಬೇಕಾಗಲಿಲ್ಲ. ಸಾಧಾರಣ ಮೊಬೈಲು, ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಬೈರಾಸಿನ (ಟವೆಲಿನ) ಮೇಲೆ ಅಜ್ಜಿಗೆ ಒಂದು ಗೇಣು ದೂರದಲ್ಲಿ ಇಟ್ಟೆವು. ಮುದ್ರಣವನ್ನು ವೇವ್ ಫೈಲಾಗಿ ಇಟ್ಟುಕೊಂಡೆವು, ಎಂಪಿ3 ಮಾಡಿದ್ದು ಹಂಚುವುದಕ್ಕೆ ಮಾತ್ರ. ಬೆಳಗ್ಗೆ ಕಾಪಿ ಆದ ಮೇಲೆ ಅರ್ಧ ಗಂಟೆ, ಅದಕ್ಕಿಂತ ಜಾಸ್ತಿ ಇಲ್ಲ. ಫ್ಯಾನು ಬಂದ್. ಬೇಸಿಗೆಯಲ್ಲೇ ಮುಗಿಸಬೇಕಿತ್ತು, ಯಾಕೆಂದರೆ ಹಂಚಿನ ಮೇಲೆ ಮಳೆ ಬಿದ್ದರೆ ಮನುಷ್ಯರ ಸ್ವರ ಕೇಳುವುದಿಲ್ಲ. ಮತ್ತೊಂದು ನಿಯಮ ಇಟ್ಟುಕೊಂಡೆವು: ಅವರು ಹೇಳುವಾಗ ಯಾರೂ ತಿದ್ದಬಾರದು. ಮಾವನಿಗೆ ಇದು ಕಷ್ಟವಾಯಿತು, ಮೇಷ್ಟ್ರು ಅಲ್ವಾ! "ಅದು ಹಾಂಗಲ್ಲ ಅಬ್ಬೆ" ಎಂದು ಬಾಯಿ ಹಾಕುತ್ತಿದ್ದರು. ತಿದ್ದಿದ ತಕ್ಷಣ ಅಜ್ಜಿ ನಿಲ್ಲಿಸಿಬಿಡುತ್ತಾರೆ. ಆಮೇಲೆ ಮಾವ ತಮ್ಮ ನೆನಪನ್ನು ಬೇರೆಯಾಗಿ ಹೇಳಿ ಮುದ್ರಿಸಿದರು. ಒಂದೇ ಘಟನೆಗೆ ಇಬ್ಬರದ್ದು ಎರಡು ಪಾಠ ಇವೆ. ಎರಡನ್ನೂ ಇಟ್ಟಿದ್ದೇವೆ.

ಇಸವಿ ಕೇಳಿದರೆ ಅಜ್ಜಿಗೆ ಗೊತ್ತಿಲ್ಲ. ಅದಕ್ಕೆ ಊರಿನ ದೊಡ್ಡ ಘಟನೆಗಳನ್ನು ಹಿಡಿದೆವು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರಿಗೆ ಸೇರಲಿ ಎಂದು ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಕೇರಳದ ಭೂಸುಧಾರಣೆ ಪೂರ್ತಿ ಜಾರಿಗೆ ಬಂದದ್ದು 1970ರ ಜನವರಿ 1ಕ್ಕೆ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. "ಕೇರಳ ಆದ ಮೇಲೆಯೋ ಮೊದಲೋ?" ಎಂದು ಕೇಳಿದರೆ ಅಜ್ಜಿ ತಡಮಾಡದೆ ಉತ್ತರಿಸುತ್ತಾರೆ. ಮಕ್ಕಳು ಹುಟ್ಟಿದ ಕ್ರಮ ಇನ್ನೊಂದು ಅಳತೆ. "ಎರಡನೆಯವ ಹೊಟ್ಟೆಯಲ್ಲಿದ್ದಾಗ" ಅಂದರೆ ವರ್ಷ ಸಿಕ್ಕಿಬಿಡುತ್ತದೆ.

ಇಡೀ ಕೆಲಸದಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಸುರಂಗದ ವಿಷಯ. ಪಡ್ರೆ, ಬಾಯಾರು, ಪೆರ್ಲದ ಕಡೆ ಬಂದವರಿಗೆ ಸುರಂಗ ಗೊತ್ತಿರುತ್ತದೆ. ಗುಡ್ಡದ ಬದಿಯಿಂದ ಒಳಕ್ಕೆ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ ಮುರಕಲ್ಲು ಕೊರೆದು ಒರತೆ ಹುಡುಕುವುದು. ಒಳಗೆ ಹೋದ ಹಾಗೆ ನೆಲ ಸ್ವಲ್ಪ ಏರುತ್ತದೆ, ಹಾಗಾಗಿ ನೀರು ಪಂಪಿಲ್ಲದೆ ತಾನಾಗಿ ಹೊರಗೆ ಹರಿದು ಕೆರೆಗೆ ಬೀಳುತ್ತದೆ. ಒಬ್ಬ ಪಿಕ್ಕಾಸಿನಿಂದ ಕೊರೆಯುತ್ತಾನೆ, ಇನ್ನೊಬ್ಬ ಮಣ್ಣು ಹೊರುತ್ತಾನೆ. ಬೆಳಕಿಗೆ ಮೇಣದ ಬತ್ತಿ. ಬತ್ತಿ ನಂದಿದರೆ ಉಸಿರಾಡಲು ಗಾಳಿ ಸಾಲದು ಎಂದು ಅರ್ಥ, ಹೊರಗೆ ಓಡಬೇಕು. ಆ ತೋಟ ಇವತ್ತಿಗೂ ಹಸಿರಾಗಿದ್ದರೆ ಅದಕ್ಕೆ ಈ ಸುರಂಗದ ನೀರೇ ಕಾರಣ.

ಲೆಕ್ಕದ ಪುಸ್ತಕದಲ್ಲಿ ಈ ಸುರಂಗದ ಖರ್ಚು ಬರೆದಿದೆ. ದುರ್ಮುಖಿ ಸಂವತ್ಸರದ ಪಗ್ಗು, ತುಳುವರ ವರ್ಷದ ಮೊದಲ ತಿಂಗಳು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಬರೀ ಹೆಸರು ನೋಡಿ ಇಸವಿ ಹೇಳುವಂತಿಲ್ಲ. 1896 ಇರಬಹುದು, 1956 ಇರಬಹುದು, 2016 ಕೂಡ ದುರ್ಮುಖಿಯೇ. ಕೈಬರಹ ಅಜ್ಜನದ್ದು. ಲೆಕ್ಕ ರೂಪಾಯಿ, ಆಣೆ, ಪೈಯಲ್ಲಿದೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಹಾಗಾಗಿ ಇದು 1956ರ ಏಪ್ರಿಲ್-ಮೇ, ಊರು ಇನ್ನೂ ಮದ್ರಾಸು ರಾಜ್ಯದ ದಕ್ಷಿಣ ಕನ್ನಡದಲ್ಲಿದ್ದ ಕೊನೆಯ ಬೇಸಿಗೆ. ಕೂಲಿ ಕೋಲಿನ ಲೆಕ್ಕದಲ್ಲಿ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಜತೆಗೆ ಅಕ್ಕಿ, ಮುಡಿ ಮತ್ತು ಸೇರಿನಲ್ಲಿ. ನಲವತ್ತೆರಡು ಸೇರಿಗೆ ಒಂದು ಮುಡಿ. ಬೆಲ್ಲ, ಹೊಗೆಸೊಪ್ಪು, ಬತ್ತಿ, ಎಲ್ಲಕ್ಕೂ ಲೆಕ್ಕ ಇದೆ. ಕೊರೆದವನ ಹೆಸರು ಇಲ್ಲ. "ಸುರಂಗದವನಿಗೆ" ಎಂದಷ್ಟೇ ಬರೆದಿದೆ.

ಹೆಸರು ಸಿಕ್ಕಿದ್ದು ಫೋಟೋ ನೋಡುವಾಗ. 1960ರ ದಶಕದ ಒಂದು ಉಪನಯನದ ಫೋಟೋ. ಚಪ್ಪರದ ಅಂಚಿನಲ್ಲಿ ಮುಂಡಾಸು ಕಟ್ಟಿದ ಒಬ್ಬರು ನಿಂತಿದ್ದಾರೆ. ನಾವು ಯಾರೂ ಅವರನ್ನು ಗಮನಿಸಿರಲಿಲ್ಲ. ಅಜ್ಜಿ ಬೆರಳಿಟ್ಟು ಹೇಳಿದರು: "ಇದು ನಮ್ಮ ಸುರಂಗ ಗರ್ಪಿದ ಜನ ಅಲ್ಲದೋ!" ಗರ್ಪಿದ ಎಂದರೆ ಕೊರೆದ. ಹೆಸರು ಹೇಳಿದರು, ಅವರ ಹೆಂಡತಿಯ ಹೆಸರು ಹೇಳಿದರು, ಮನೆ ಯಾವ ಗುಡ್ಡದ ಆಚೆ ಎಂದೂ ಹೇಳಿದರು.

ಅವರ ಮೊಮ್ಮಗ ಈಗಲೂ ಅದೇ ಕಡೆ ಇದ್ದಾರೆ, ಆಟೋ ಓಡಿಸುತ್ತಾರೆ. ಮಾತು ತುಳುವಿನಲ್ಲಿ ಆಯಿತು. ನಮ್ಮ ಮನೆಯ ಸುರಂಗದ ಕತೆ ನಮಗಿಂತ ಜಾಸ್ತಿ ಅವರ ಮನೆಯಲ್ಲಿತ್ತು. ಮೊದಲು ಕೊರೆದ ದಿಕ್ಕಿನಲ್ಲಿ ಬಂಡೆ ಅಡ್ಡ ಬಂದು ತಿರುಗಿಸಿದ್ದು. ಒಮ್ಮೆ ಬತ್ತಿ ನಂದಿ, ಮಣ್ಣು ಹೊರುತ್ತಿದ್ದ ತಮ್ಮನನ್ನು ಎಳೆದುಕೊಂಡು ಹೊರಗೆ ಬಂದದ್ದು. ನೀರು ಬಂದ ದಿನ ಎರಡೂ ಮನೆಯವರು ಕೆರೆಯ ಬದಿಯಲ್ಲಿ ಪಾಯಸ ಉಂಡದ್ದು. ನಮ್ಮ ಪುಸ್ತಕದಲ್ಲಿ ಆ ದಿನ ಬೆಲ್ಲದ ಖರ್ಚು ಮಾತ್ರ ಇದೆ. ಅವರ ಮನೆಯಲ್ಲಿ ಅಜ್ಜನದ್ದೊಂದು ಫೋಟೋ ಇರಲಿಲ್ಲ. ಜೀವಮಾನದಲ್ಲಿ ತೆಗೆಸಿದ್ದು ಬಹುಶಃ ನಮ್ಮ ಚಪ್ಪರದ ಅಂಚಿನಲ್ಲಿ ಬಿದ್ದ ಆ ಒಂದೇ ಫೋಟೋ. ಅದರಿಂದ ಅವರ ಮುಖವನ್ನು ಬೇರ್ಪಡಿಸಿ, ದೊಡ್ಡದು ಮಾಡಿ, ಮುದ್ರಿಸಿ ಕೊಟ್ಟೆವು. ಮೊಮ್ಮಗ ಹೇಳಿದ್ದನ್ನು ಅವರ ಒಪ್ಪಿಗೆ ಪಡೆದು ಮುದ್ರಿಸಿಕೊಂಡೆವು, ಒಂದು ಪ್ರತಿ ಅವರಿಗೂ ಕೊಟ್ಟೆವು.

ನಮ್ಮ ಕಡೆಯ ಹಳೆಯ ಮನೆಗಳ ದಾಖಲೆ ಎಲ್ಲವೂ ಹೀಗೇ ಇವೆ ಎಂದು ನನಗೆ ಅನ್ನಿಸುತ್ತದೆ. ಜಮೀನು ಯಾರದ್ದು ಎಂದು ಬರೆದಿಟ್ಟರು. ದುಡಿದವರು ಯಾರು ಎಂದು ಬರೆಯಲಿಲ್ಲ. ಕುಟುಂಬದ ನೆನಪು ಉಳಿಸುತ್ತೇವೆ ಎಂದು ಹೊರಟು ನಮ್ಮ ಪೆಟ್ಟಿಗೆಯನ್ನು ಮಾತ್ರ ತೆರೆದರೆ ಆ ತಪ್ಪನ್ನೇ ಇನ್ನೊಮ್ಮೆ ಮಾಡಿದಂತೆ. ತೋಟಕ್ಕೆ ಬರುತ್ತಿದ್ದವರ, ಗೇಣಿಗೆ ಇದ್ದವರ, ಹೆರಿಗೆ ಮಾಡಿಸಿದ ಅಜ್ಜಿಯ ಮನೆಗೂ ಹೋಗಬೇಕು.

ಇನ್ನು ಕ್ಯಾಸೆಟ್. ಇದರಲ್ಲಿ ಕೆಲವು ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳಿದ್ದು. ಉಳಿದವು ಮಸ್ಕತ್ತಿನಿಂದ ಬಂದ ಕಾಗದಗಳು. ಎಂಬತ್ತರ ದಶಕದಲ್ಲಿ ಕಾಸರಗೋಡಿನಿಂದ ಗಲ್ಫಿಗೆ ಹೋದವರು ಕಾಗದದ ಬದಲು ಮಾತನ್ನೇ ಕ್ಯಾಸೆಟ್ಟಿಗೆ ತುಂಬಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ದೊಡ್ಡ ಚಿಕ್ಕಪ್ಪನೂ ಹಾಗೆ ಮಾಡಿದ್ದರು. ಕ್ಯಾಸೆಟ್ಟಿನ ಒಂದು ಬದಿ ಅವರದ್ದು. ಇನ್ನೊಂದು ಬದಿಯಲ್ಲಿ ಊರಿನವರು ಉತ್ತರ ತುಂಬಿಸಿ ವಾಪಸು ಕಳಿಸಬೇಕಿತ್ತು. ಕೆಲವು ವಾಪಸು ಹೋಗದೆ ಇಲ್ಲೇ ಉಳಿದವು. ಅದರಲ್ಲಿ ತೀರಿಕೊಂಡ ಅಜ್ಜನ ಸ್ವರ ಇದೆ, ಮಗನಿಗೆ ಅಡಿಕೆಯ ಕೊಳೆರೋಗದ ಸುದ್ದಿ, ದನ ಕರು ಹಾಕಿದ ಸುದ್ದಿ ಹೇಳುವುದು. ನನ್ನ ಕಣ್ಣಿಗೆ ಇಡೀ ಮನೆಯ ದೊಡ್ಡ ಆಸ್ತಿ ಇದು.

ಹಿಂದೊಮ್ಮೆ ಯಾರೋ ಇದರಲ್ಲಿ ಕೆಲವನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟು ಸಿಡಿ ಮಾಡಿಸಿದ್ದರು. ಸ್ವರ ಡಬ್ಬಿಯೊಳಗಿಂದ ಬಂದ ಹಾಗಿತ್ತು, ಪ್ರತಿ ಬದಿಯ ಕೊನೆ ತುಂಡಾಗಿತ್ತು. ದಿನಾಂಕ ಬರೆದಿದ್ದ ಚೀಟಿಗಳು ಅಲ್ಲೇ ಕಸಕ್ಕೆ ಹೋದವು. ಹಾಗಾಗಿ ಈ ಸಲ ಮನೆಯಲ್ಲೇ ಮಾಡಿದೆವು. ಮೊದಲ ಕೆಲಸ, ಕ್ಯಾಸೆಟ್ಟಿನ ಹಿಂದಿನ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಮುರಿಯುವುದು. ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸುವುದಿಲ್ಲ. ಬಿಳಿ ಬೂಸ್ಟು ಇರುವುದನ್ನು ಹಾಗೇ ಹಾಕಬಾರದು. ಅದು ಪ್ಲೇಯರಿನ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಅವನ್ನು ಬೇರೆ ಇಟ್ಟು, ಒಣಗಿಸಿ, ಮೃದು ಬ್ರಷ್ಷಿನಿಂದ ತೆಗೆದು ಕೊನೆಗೆ ಹಾಕಿದೆವು. ಪ್ರತಿ ಸಲ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹತ್ತಿಯಲ್ಲಿ ಒರೆಸಿದೆವು. ಹಳೆಯ ಡೆಕ್ಕಿನಿಂದ ಕಂಪ್ಯೂಟರಿಗೆ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ, 48 ಕಿಲೋಹರ್ಟ್ಸ್, 24 ಬಿಟ್. ಒಂಟಿ ಚಾನೆಲಿನಲ್ಲಿ ಒಂದು ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ಇವತ್ತಿನ ಡಿಸ್ಕಿಗೆ ಅದೇನೂ ದೊಡ್ಡದಲ್ಲ. ಸ್ವರವನ್ನು ಚೊಕ್ಕ ಮಾಡಲು ಹೋಗಲಿಲ್ಲ. ಹಿನ್ನೆಲೆಯಲ್ಲಿ ದನದ ಗಂಟೆ ಇದೆ, ಅದು ಇರಲಿ.

ಫೋಟೋ, ಕಾಗದದ ಕೆಲಸ ಬೇಗ ಆಯಿತು. ಚಿಕ್ಕ ಫೋಟೋಗಳನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದೆವು. ಗಾಜಿಗೆ ಅಂಟಿಕೊಂಡದ್ದನ್ನು ಕೀಳಬಾರದು, ಚಿತ್ರದ ಪದರವೇ ಎದ್ದು ಬರುತ್ತದೆ. ಗಾಜಿನ ಮೇಲಿಂದಲೇ ಓರೆ ಬೆಳಕಿನಲ್ಲಿ ಕ್ಯಾಮೆರಾದಿಂದ ತೆಗೆದೆವು. ಹಿಂಬದಿಯಲ್ಲಿ ಹೆಸರು ಬರೆಯುವುದು ಮೆತ್ತನೆಯ ಪೆನ್ಸಿಲಿನಲ್ಲಿ ಮಾತ್ರ, ಬಾಲ್‌ಪೆನ್ನು ಒತ್ತಿದರೆ ಮುಂದಕ್ಕೆ ಗೆರೆ ಮೂಡುತ್ತದೆ. ಒಂದು ಹಳೆಯ ಪಾಲುಪಟ್ಟಿಯನ್ನು ಯಾರೋ ಕಾಳಜಿಯಿಂದಲೇ ಲ್ಯಾಮಿನೇಷನ್ ಮಾಡಿಸಿದ್ದರು. ಬಿಸಿಗೆ ಕಾಗದ ಕಂದಿದೆ, ಪ್ಲಾಸ್ಟಿಕ್ ಇನ್ನು ಬಿಡಿಸಲು ಬರುವುದಿಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಒಂದು ವಿಷಯಕ್ಕೆ ಮಾತ್ರ ಮನೆಯಲ್ಲಿ ಮುಖ ಕೆಂಪಾಯಿತು. ಕಣ್ಣೂರಿನ ಹುಡುಗ, ಅಜ್ಜಿಯ ಮಾತಿನ ಸಾರಾಂಶವನ್ನು ಮಲಯಾಳದಲ್ಲಿ ಬರೆಯುತ್ತೇನೆ, ಇಲ್ಲದಿದ್ದರೆ ನನಗೆ, ಮುಂದೆ ನನ್ನ ಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ ಅಂದ. ಮಾವ ಎದ್ದು ಹೋದರು. ಕಾಸರಗೋಡು ಕನ್ನಡನಾಡಿಗೆ ಸೇರಲಿ ಎಂಬ 1956ರ ನಂತರದ ಚಳವಳಿಯನ್ನು ಬಾಲ್ಯದಿಂದ ಕಂಡವರು ಅವರು. ಆಯೋಗದ ಮಾತು ಜಾರಿಗೆ ಬಾರದ್ದು, ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯವಾಗುವ ಕಾಯ್ದೆ 2017ರಲ್ಲಿ ಬಂದದ್ದು, ಕನ್ನಡ ತರಗತಿಯಲ್ಲಿ ಮಕ್ಕಳು ಕಮ್ಮಿಯಾದದ್ದು, ಎಲ್ಲವೂ ಅವರ ಎದೆಯಲ್ಲಿದೆ. ಮನೆಯ ಕತೆಯೂ ಕನ್ನಡ ಲಿಪಿ ಬಿಟ್ಟರೆ ಉಳಿಯುವುದೇನು ಎಂಬುದು ಅವರ ನೋವು. ಅದು ಸುಮ್ನೆ ಹಟ ಅಲ್ಲ.

ಆದರೂ ನಾನು ಹುಡುಗನ ಪರ ನಿಂತೆ. ಓದಲಾಗದ ಕಡೆ ಇಟ್ಟದ್ದನ್ನು ಯಾರೂ ಕಾಯುವುದಿಲ್ಲ. ಕೊನೆಗೆ ಒಂದು ದಾರಿ ಸಿಕ್ಕಿತು. ಮೂಲ ಎಂದರೆ ಅಜ್ಜಿಯ ಸ್ವರ, ಅವರದ್ದೇ ಹವ್ಯಕದಲ್ಲಿ. ಅದನ್ನು ಪದಕ್ಕೆ ಪದ ಕನ್ನಡ ಲಿಪಿಯಲ್ಲಿ ಮಾವನೇ ಬರೆಯುತ್ತಾರೆ. ಮಲಯಾಳದ, ಇಂಗ್ಲಿಷಿನ ಸಾರಾಂಶ ಅದರ ಜತೆಗೆ ಇರುತ್ತದೆ, ಅದರ ಬದಲಿಗೆ ಅಲ್ಲ. ಬರೆಯುವಾಗ ಹುಡುಗನಿಗೆ ತಿಳಿಯದ ಮಾತು ಬಂದಾಗಲೆಲ್ಲ ಮಾವನಿಗೆ ಫೋನು ಮಾಡಬೇಕಾಯಿತು. ಈಗ ಮಾವ ಅವನಿಗೆ ಫೋನಿನಲ್ಲೇ ಕನ್ನಡ ಅಕ್ಷರ ಕಲಿಸುತ್ತಿದ್ದಾರೆ.

ಪೆಟ್ಟಿಗೆಯ ಕೆಲವು ಕಾಗದಗಳು ಭೂಸುಧಾರಣೆಯ ಕಾಲದ ಜಗಳದವು. ಸುಟ್ಟುಬಿಡೋಣ ಎಂದು ಒಬ್ಬರು ಹೇಳಿದರು. ಸುಡಲಿಲ್ಲ. ಅದರಲ್ಲಿ ಹೆಸರಿರುವವರು ಕೆಲವರು ಇನ್ನೂ ಬದುಕಿದ್ದಾರೆ. ಹಾಗಾಗಿ ಅವುಗಳ ಪ್ರತಿಯನ್ನು ಎಲ್ಲರಿಗೂ ಹಂಚಿಲ್ಲ. ಲಕೋಟೆಗೆ ಹಾಕಿ, ಮೇಲೆ ಒಳಗೆ ಏನಿದೆ, ಯಾಕೆ ಮುಚ್ಚಿಟ್ಟಿದ್ದೇವೆ ಎಂದು ಬರೆದು ನಾಲ್ವರೂ ಸಹಿ ಹಾಕಿದ್ದಾರೆ.

ತಾಳೆಗರಿಯ ಸರದಿ ಮನೆ ಕೆಡವಿದ ಮೇಲೆ ಬಂತು. ಬರಹ ತಿಗಳಾರಿ, ನಮ್ಮಲ್ಲಿ ತುಳು ಲಿಪಿ ಎನ್ನುವುದೂ ಉಂಟು. ಒಬ್ಬ ತಿಳಿದವರು ಬಂದು ಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿ ಒರೆಸಿದರು. ಗರಿ ಮೆದುವಾಗುತ್ತದೆ, ಹುಳವೂ ದೂರ. ಮಸಿ ತೀಡಿ ಅಕ್ಷರ ಎದ್ದು ಕಾಣುವಂತೆ ಮಾಡಿದರು. ಪ್ರತಿ ಗರಿಯ ಎರಡೂ ಬದಿ ಫೋಟೋ ತೆಗೆದೆವು. ಮೇಲ್ನೋಟಕ್ಕೆ ಹೆಚ್ಚಿನವು ಪೂಜೆಯ ಪ್ರಯೋಗ, ಜ್ಯೋತಿಷ್ಯ. ಒಂದು ಕಟ್ಟು ಇನ್ನೂ ಓದಿ ಆಗಿಲ್ಲ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿಗೆ ಸೇರಿದೆ. ಓದಿದ್ದನ್ನು ಅದೇ ಲಿಪಿಯಲ್ಲಿ ಕಂಪ್ಯೂಟರಿನಲ್ಲಿ ಇಡುವ ದಾರಿ ಈಗ ತೆರೆದಿದೆ.

ಎಲ್ಲದರ ಮೂರು ಪ್ರತಿ ಇವೆ. ಒಂದು ಹಾರ್ಡ್‌ಡಿಸ್ಕ್ ತೋಟದ ಹೊಸ ಮನೆಯಲ್ಲಿ, ನಮ್ಮ ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯೊಳಗೆ. ಇನ್ನೊಂದು ಬೆಂಗಳೂರಿನಲ್ಲಿ. ಮೂರನೆಯದು ಕ್ಲೌಡಿನಲ್ಲಿ, ಅದರ ಪಾಸ್‌ವರ್ಡ್ ಕಾಗದದಲ್ಲಿ ಬರೆದು ಎರಡು ಮನೆಯಲ್ಲಿ ಇಟ್ಟಿದ್ದೇವೆ. ಪೆನ್‌ಡ್ರೈವನ್ನು ನಂಬಿಲ್ಲ. ಪ್ರತಿ ವರ್ಷ ಪತ್ತನಾಜೆಯ ಹೊತ್ತಿಗೆ, ಮಳೆ ಹಿಡಿಯುವ ಮೊದಲು, ಡಿಸ್ಕ್ ತೆರೆದು ಫೈಲುಗಳು ಓದುತ್ತವೆಯೇ ಎಂದು ನೋಡುವ ಜವಾಬ್ದಾರಿ ಕಣ್ಣೂರಿನ ಹುಡುಗನದ್ದು.

ಅಜ್ಜಿಗೂ ಗುರುತು ಸಿಗದ ಮುಖಗಳು ಫೋಟೋಗಳಲ್ಲಿ ಇನ್ನೂ ಇವೆ. ಅವನ್ನೆಲ್ಲ ಒಂದು ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಪ್ರತಿ ಮುಖದ ಕೆಳಗೆ ಒಂದು ಸಂಖ್ಯೆ ಹಾಕಿದ್ದೇವೆ. ಬಾಯಾರಿಗೆ, ಬದಿಯಡ್ಕಕ್ಕೆ, ವಿಟ್ಲದ ಕಡೆಗೆ ಕೊಟ್ಟ ಹೆಣ್ಣುಮಕ್ಕಳ ಮನೆಗಳಿಗೆ ಈ ಹಾಳೆ ಹೋಗಿದೆ. ಕೆಲವು ಹೆಸರು ವಾಪಸು ಬಂದಿವೆ, ಉಳಿದದ್ದಕ್ಕೆ ಕೇಳುತ್ತಿದ್ದೇವೆ.